ವ್ಯಾಟ್ ಜಪ ಸಾಕು, ಡಬ್ಬ ನೋಡಿ ಸ್ವಾಮಿ

ಬೇಸ್ ಗಿಟಾರ್ ನುಡಿಸುವವರು ನಾಲ್ಕು ಜನ ಸೇರಿದರೆ ಮೊದಲ ಪ್ರಶ್ನೆಯೇ "ನಿಂದು ಎಷ್ಟು ವ್ಯಾಟು?" ಅಂತ. ಹೆಣ್ಣಿನ ಕಡೆಯವರು ಹುಡುಗನ ಸಂಬಳ ಕೇಳಿದ ಹಾಗೆ. 300 ಅಂದವನು ತಲೆ ತಗ್ಗಿಸಬೇಕು, 800 ಅಂದವನು ಕಾಲರ್ ಎತ್ತಬೇಕು. ಆ ವ್ಯಾಟೆಲ್ಲ ಕೊನೆಗೆ ಹೋಗಿ ಬೀಳೋದು ಯಾವ ಡಬ್ಬದೊಳಗೆ ಅಂತ ಮಾತ್ರ ಯಾರೂ ಕೇಳಲ್ಲ. ಸದ್ದು ಮಾಡೋದು ಆಂಪ್ಲಿಫೈಯರ್ ಅಲ್ಲ ಕಣ್ರೀ, ಸ್ಪೀಕರು! ಇಷ್ಟು ಸರಳ ವಿಷಯಕ್ಕೆ ಇಷ್ಟುದ್ದ ಬರೆಯಬೇಕಾಗಿ ಬಂದಿರೋದು ನಮ್ಮ ಆರ್ಕೆಸ್ಟ್ರಾದ ಹುಡುಗನೊಬ್ಬನ ದುಡ್ಡು ಹೊಗೆಯಾಗಿ ಹೋದದ್ದರಿಂದ.

ಹುಡುಗ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಐದು ತಂತಿಯ ಬೇಸ್ ಆಗಲೇ ಇತ್ತು. ಕಂತಿನ ಮೇಲೆ 800 ವ್ಯಾಟಿನ ಹೆಡ್ ತಗೊಂಡ. ಈಗಿನ ಕ್ಲಾಸ್-ಡಿ ಹೆಡ್‌ಗಳು ಗೊತ್ತಲ್ಲ, ಎರಡು ಮೂರು ಕೆಜಿ, ಊಟದ ಡಬ್ಬಿ ಥರ ಚೀಲದಲ್ಲಿ ಹಾಕ್ಕೊಂಡು ಬಸ್ಸಲ್ಲಿ ಹೋಗಬಹುದು. ಕ್ಯಾಬಿನೆಟ್ ಕೇಳಿದಾಗ ಅಂಗಡಿಯವರು ಎರಡು ತೋರಿಸಿದರು. ಒಂದರಲ್ಲಿ ಹತ್ತಿಂಚಿನ ನಾಲ್ಕು ಸ್ಪೀಕರ್, ಇನ್ನೊಂದರಲ್ಲಿ ಹದಿನೈದಿಂಚಿನದು ಒಂದೇ. "ಹತ್ತಿಂಚು ಪಂಚ್‌ಗೆ, ಹದಿನೈದಿಂಚು ಗುಮ್ಮನ್ನೋಕೆ. ಇದು 800 ತಡ್ಕೊಳ್ಳುತ್ತೆ, ಅದು 300. ಒಟ್ಟು 1100. ನಿಮ್ಮ ಆಂಪು 800. ಫುಲ್ ಸೇಫ್ ಸಾರ್!"

ಗಣೇಶನ ಹಬ್ಬದ ಪ್ರೋಗ್ರಾಂ. ಮೂರನೇ ಹಾಡಿಗೆ ಹದಿನೈದಿಂಚಿನ ಡಬ್ಬದಿಂದ ಪರ್ರ್ ಅಂತ ಸದ್ದು. ಐದನೇ ಹಾಡಿಗೆ ಸುಟ್ಟ ವಾಸನೆ. "ಅಣ್ಣಾ, ನಾನು ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಇಟ್ಟೇ ಇರ್ಲಿಲ್ಲ" ಅಂತ ಅಳೋ ಹಾಗಾಗಿದ್ದ. ಅಂಗಡಿಗೆ ಹೋದರೆ, ನೀವೇ ಓವರ್ ಮಾಡಿದ್ದೀರಿ, ಇದಕ್ಕೆ ವಾರಂಟಿ ಬರಲ್ಲ ಅಂದರು. ಜೊತೆಗೆ ಒಂದು ಬಿಟ್ಟಿ ಸಲಹೆ: ಇನ್ನೂ ಜಾಸ್ತಿ ವ್ಯಾಟಿನ ಹದಿನೈದಿಂಚು ತಗೊಳ್ಳಿ ಅಂತ!

ಈಗ ಲೆಕ್ಕ ನೋಡೋಣ. ಎರಡೂ ಕ್ಯಾಬಿನೆಟ್ 8 ಓಮ್. ಸಮಾನಾಂತರವಾಗಿ ಸೇರಿಸಿದರೆ 4 ಓಮ್. ಆಂಪು ಸ್ಪೀಕರ್ ಎಣಿಸಲ್ಲ, ಓಮ್ ನೋಡುತ್ತೆ. ಓಮ್ ಒಂದೇ ಆದ್ದರಿಂದ ಎರಡು ಡಬ್ಬಕ್ಕೂ ಸಮಪಾಲು, ಅಂದರೆ ತಲಾ 400 ವ್ಯಾಟ್. ಹತ್ತಿಂಚಿನ ಡಬ್ಬದಲ್ಲಿ ಅದನ್ನು ನಾಲ್ಕು ಜನ ಹಂಚಿಕೊಳ್ತಾರೆ, ತಲೆಗೆ 100. ಆ ಕಡೆ ಹದಿನೈದಿಂಚಿನವನು ಒಬ್ಬನೇ 400 ಹೊರಬೇಕು. ಅವನ ಬೆನ್ನ ಮೇಲೆ ಬರೆದಿದ್ದು 300. ಎರಡರ ವ್ಯಾಟ್ ಕೂಡಿಸಿ 1100 ಅನ್ನೋದು, ಒಬ್ಬ ಬಡವ ಒಬ್ಬ ಶ್ರೀಮಂತನ ಆಸ್ತಿ ಕೂಡಿಸಿ ಇಬ್ಬರಿಗೂ ಒಂದೇ ಸಾಲ ಕೊಟ್ಟ ಹಾಗೆ. ಈ "ನಾಲ್ಕು ಹತ್ತು, ಒಂದು ಹದಿನೈದು" ಅನ್ನೋ ಜೋಡಿಯನ್ನು ದಶಕಗಳಿಂದ ಲೋಕದಲ್ಲೆಲ್ಲ ಮಾರುತ್ತಾ ಬಂದಿದ್ದಾರೆ. ವೇದಿಕೆ ಮೇಲೆ ನೋಡೋಕೆ ಗತ್ತಾಗಿದೆ, ಒಪ್ಪಿದೆ.

ಹೋಗಲಿ, ಆ ಸ್ಪೀಕರ್ ಮೇಲೆ 400 ಅಂತಲೇ ಬರೆದಿತ್ತು ಅಂದ್ಕೊಳ್ಳಿ. ಆಗಲೂ ಉಳೀತಿತ್ತು ಅನ್ನೋಕಾಗಲ್ಲ. ಯಾಕಂದ್ರೆ ಆ ಸಂಖ್ಯೆ ಹೇಳೋದು ವಾಯ್ಸ್ ಕಾಯಿಲ್ ಎಷ್ಟು ಬಿಸಿ ತಡೆಯುತ್ತೆ ಅನ್ನೋದನ್ನ. ಕೋನ್ ಎಷ್ಟು ದೂರ ಹಿಂದೆ ಮುಂದೆ ಹೋಗಿಬರಬಲ್ಲದು ಅನ್ನೋದು ಬೇರೆಯೇ ಮಾತು. ಬೇಸ್ ನುಡಿಸೋರಿಗೆ ಬೇಕಾಗಿರೋದು ಅದೇ! ನಾಲ್ಕು ತಂತಿಯ ಬೇಸಿನಲ್ಲಿ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ಐದನೇ ತಂತಿ ಇದ್ದರೆ 31. ಅಷ್ಟೇ ಜೋರು ಸದ್ದನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಗಾಳಿ ಕಿಂಡಿ ಇರುವ ಡಬ್ಬವಾದರೆ, ಅದನ್ನು ಯಾವ ಸ್ವರಕ್ಕೆ ಹೊಂದಿಸಿದ್ದಾರೋ ಅದಕ್ಕಿಂತ ಕೆಳಗೆ ಕೋನಿಗೆ ಒಳಗಿನ ಗಾಳಿಯ ಆಸರೆಯೇ ಇರಲ್ಲ, ಹಗ್ಗ ಬಿಚ್ಚಿದ ಕರು. ಬರೆದಿರೋ ವ್ಯಾಟಿನ ಕಾಲು ಭಾಗ ತಲುಪುವ ಮೊದಲೇ ಮಿತಿ ಮೀರಬಹುದು. ಇದರ ಮೇಲೆ ನಮ್ಮ ಹುಡುಗ ಬೇಸ್ ನಾಬ್ ಪೂರ್ತಿ ತಿರುಗಿಸಿದ್ದ. ಆ ನಾಬ್ 12 ಡೆಸಿಬೆಲ್ ಏರಿಸಿದರೆ ಅಲ್ಲಿ ಬೇಕಾಗೋ ಶಕ್ತಿ 16 ಪಟ್ಟು. ವಾಲ್ಯೂಮ್ ಅರ್ಧದಲ್ಲಿತ್ತು ಅನ್ನೋದಕ್ಕೆ ಅರ್ಥವೇ ಇಲ್ಲ, ಆ ನಾಬ್ ವ್ಯಾಟ್ ಅಳೆಯೋ ಮೀಟರ್ ಅಲ್ಲ.

ಸರಿ, ಜೋರಿಗಾದರೂ ವ್ಯಾಟ್ ಬೇಕಲ್ಲ ಅಂತೀರಾ? ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗೋದು 3 ಡೆಸಿಬೆಲ್. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ವ್ಯಾಟ್ ಹತ್ತು ಪಟ್ಟು! ಅದೇ 94 ಡೆಸಿಬೆಲ್ ಸೆನ್ಸಿಟಿವಿಟಿಯ ಡಬ್ಬದ ಬದಲು 100ರದ್ದು ತಗೊಂಡರೆ ಆಂಪನ್ನು ನಾಲ್ಕು ಪಟ್ಟು ಮಾಡಿದಷ್ಟೇ ಲಾಭ. ಆದರೆ ಪುಕ್ಕಟೆ ಏನೂ ಬರಲ್ಲ. ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರೋ "ಎಚ್" ಜೋಸೆಫ್ ಆಂಟನ್ ಹಾಫ್‌ಮನ್. ಅವರ ಹೆಸರಲ್ಲೇ ಒಂದು ಉಕ್ಕಿನ ನಿಯಮ ಇದೆ. ಚಿಕ್ಕ ಡಬ್ಬ, ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ: ಮೂರರಲ್ಲಿ ಎರಡು ಮಾತ್ರ ಆರಿಸಿಕೊಳ್ಳಬಹುದು. ಮೂರೂ ಇದೆ ಅಂತ ಯಾರಾದರೂ ಮಾರೋಕೆ ಬಂದರೆ ಬಾಗಿಲು ಹಾಕ್ಕೊಳ್ಳಿ.

ಇದೆಲ್ಲ ಹೊಸ ಜ್ಞಾನವೂ ಅಲ್ಲ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಅನ್ನೋ 300 ವ್ಯಾಟಿನ ವಾಲ್ವ್ ಹೆಡ್ ತಂತು. ಆ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕ ಪ್ರವಾಸದಲ್ಲಿ ಅದನ್ನೇ ಬಳಸಿತು. ಆ ಕಾಲದ ಸ್ಪೀಕರುಗಳ ಶಕ್ತಿ ಕಡಿಮೆ. ಅವರು ಏನು ಮಾಡಿದರು? ಹತ್ತಿಂಚಿನ ಎಂಟು ಸ್ಪೀಕರಿನ ಮುಚ್ಚಿದ ಡಬ್ಬ, ಅಂಥವು ಎರಡು, ಒಂದು ಹೆಡ್ಡಿಗೆ. ಹದಿನಾರು ಸ್ಪೀಕರ್, ಒಂದೊಂದಕ್ಕೆ 19 ವ್ಯಾಟಿಗಿಂತ ಕಡಿಮೆ! ಆ ಡಬ್ಬಕ್ಕೆ ಫ್ರಿಜ್ ಅಂತಲೇ ಅಡ್ಡಹೆಸರು, ಇಬ್ಬರು ಹಿಡಿದರೂ ಸೊಂಟ ಹೋಗುತ್ತೆ. ಎಂಟು ಹತ್ತಿಂಚಿನ ಕೋನ್‌ಗಳ ಒಟ್ಟು ವಿಸ್ತೀರ್ಣ ಮೂರು ಹದಿನೈದಿಂಚಿಗಿಂತ ಜಾಸ್ತಿ. ಇಂಚು ದೊಡ್ಡದಾದರೆ ಬೇಸ್ ಆಳ ಅನ್ನೋ ಅಂಗಡಿ ವೇದಾಂತ ಇಲ್ಲೇ ಬಿದ್ದುಹೋಗುತ್ತೆ. ತಮಾಷೆ ಅಂದ್ರೆ, 41 ಹರ್ಟ್ಸ್‌ನಲ್ಲಿ ಆ ಫ್ರಿಜ್ ಕೂಡ ಸಾಕಷ್ಟು ಸುಸ್ತಾಗಿರುತ್ತೆ. ನಾವು ಕೇಳಿ ತಲೆದೂಗೋದು ಬಹುಪಾಲು 82ರ ಉಪಸ್ವರವನ್ನ.

ಇನ್ನೊಂದು ಪುಕಾರು ಬೇರೆ: ಕಡಿಮೆ ವ್ಯಾಟಿನ ಆಂಪ್ ಹಾಕಿದರೆ ಸ್ಪೀಕರ್ ಸುಟ್ಟುಹೋಗುತ್ತೆ, ಅದಕ್ಕೇ ಯಾವಾಗಲೂ ಸ್ಪೀಕರಿನ ಎರಡರಷ್ಟು ವ್ಯಾಟಿನ ಆಂಪ್ ತಗೊಳ್ಳಿ ಅಂತ. ಸುಡೋದು ಶಕ್ತಿ ಹೆಚ್ಚಾಗಿ, ಕಡಿಮೆಯಾಗಿ ಅಲ್ಲ. ಚಿಕ್ಕ ಆಂಪನ್ನು ಅರಚಿಸಿದರೆ ಅದು ತನ್ನ ಅಂಕೆಗಿಂತ ಜಾಸ್ತಿ ಕಕ್ಕುತ್ತೆ, ಅದು ಡಬ್ಬದ ಮಿತಿ ದಾಟಿದರೆ ಮಾತ್ರ ಅಪಾಯ. ಅದೂ ಮೊದಲು ಟ್ವೀಟರ್‌ಗೆ.

ಹಾಗಾದರೆ ಏನು ತಗೋಬೇಕು? ಒಂದೇ ಥರದ ಎರಡು ಡಬ್ಬ, ತಲಾ 8 ಓಮ್. ದುಡ್ಡಿಲ್ಲದಿದ್ದರೆ ಮೊದಲು ಒಂದು, ಮುಂದಿನ ವರ್ಷ ಅದೇ ಮಾಡೆಲ್ ಇನ್ನೊಂದು. ಪಕ್ಕಪಕ್ಕ ಇಡಬೇಡಿ, ಒಂದರ ಮೇಲೊಂದು ಇಡಿ. ಮೇಲಿನದು ನಿಮ್ಮ ಕಿವಿ ಹತ್ತಿರ ಬರುತ್ತೆ, ಎಡಬಲಕ್ಕೆ ನಿಂತವರಿಗೂ ಸದ್ದು ಹೆಚ್ಚುಕಡಿಮೆ ಆಗಲ್ಲ. ಆಂಪಿನ ಹಿಂದೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ಮೂರನೇ 8 ಓಮ್ ಡಬ್ಬ ಸೇರಿಸುವ ಆಸೆ ಬೇಡ, 2.67ಕ್ಕೆ ಇಳಿಯುತ್ತೆ. ವಾಲ್ವ್ ಹೆಡ್ಡಾದರೆ ಸ್ಪೀಕರ್ ಇಲ್ಲದೆ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ. ಇನ್ನು ದೊಡ್ಡ ಪೆಂಡಾಲಿನಲ್ಲಿ ಹೇಗೂ ಮಿಕ್ಸರ್‌ಗೆ ಲೈನ್ ಕೊಡ್ತೀವಲ್ಲ, ಡಬ್ಬ ಯಾಕೆ ಅನ್ನೋರ ಮಾತಲ್ಲೂ ನ್ಯಾಯ ಇದೆ. ಆದರೆ ಅವರಿಗೆ 800 ವ್ಯಾಟ್ ಕೂಡ ಬೇಡ!

ನಮ್ಮ ಹುಡುಗ ಹತ್ತಿಂಚಿನ ಡಬ್ಬವೊಂದನ್ನೇ ಇಟ್ಟುಕೊಂಡು, ಬೇಸ್ ನಾಬ್ ನಡುವಿಗೆ ತಂದು ನುಡಿಸ್ತಿದ್ದಾನೆ. ಹೆಡ್ಡಿನ ಪೂರ್ತಿ ಶಕ್ತಿ ಈಗ ಸಿಗಲ್ಲ, ಯಾರಿಗೂ ಗೊತ್ತಾಗಿಲ್ಲ. ಕಂತು ಇನ್ನೂ ಏಳು ತಿಂಗಳು ಬಾಕಿ. ಹದಿನೈದಿಂಚಿನದು ಪ್ರಾಕ್ಟೀಸ್ ರೂಮಿನ ಮೂಲೆಯಲ್ಲಿದೆ, ಅದರ ಮೇಲೆ ಟೀ ಲೋಟ ಇಡ್ತೀವಿ :-)