ಕಪಾಟಿನ ಕೀಲಿಕೈ ಯಾರ ಬಳಿ ಇದೆ?

2022ರ ಆಗಸ್ಟ್ 1ರ ಸಂಜೆ ಸುಳ್ಯ ತಾಲೂಕಿನ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ ಗ್ರಾಮಗಳ ಮೇಲೆ ಸುರಿದದ್ದು ಮಾಮೂಲಿ ಮಳೆಯಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಊರುಗಳಿಗೆ ಮಳೆ ಹೊಸತಲ್ಲ. ಮಳೆಗಾಲದ ನಾಲ್ಕು ತಿಂಗಳು ಹಳ್ಳ ದಾಟುವುದು, ವಿದ್ಯುತ್ತಿಲ್ಲದೆ ದಿನ ಕಳೆಯುವುದು ಅಲ್ಲಿನವರಿಗೆ ರೂಢಿಯಾಗಿದೆ. ಆದರೆ ಆ ಸಂಜೆ ಹಳ್ಳಗಳು ನೀರನ್ನಷ್ಟೇ ತರಲಿಲ್ಲ. ಗುಡ್ಡದ ಮಣ್ಣನ್ನು, ಬಂಡೆಗಳನ್ನು, ಬುಡಸಹಿತ ಕಿತ್ತುಬಂದ ಮರಗಳನ್ನು ತಂದವು. ದಿಮ್ಮಿಗಳು ಸೇತುವೆಗೆ ಅಡ್ಡಲಾಗಿ ಸಿಲುಕಿದಾಗ ನೀರು ತೋಟ, ಅಂಗಡಿ, ಮನೆಗಳತ್ತ ದಾರಿ ಮಾಡಿಕೊಂಡಿತು. ಅದೇ ಸಂಜೆ ಸನಿಹದ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಎಳೆಯ ಸಹೋದರಿಯರು ಪ್ರಾಣ ಕಳಕೊಂಡರು. ಆ ಮಳೆಯಲ್ಲೇ ಅತ್ತ ಕಲ್ಲುಗುಂಡಿಯಲ್ಲಿ ಪಯಸ್ವಿನಿ ಉಕ್ಕಿ ಮನೆಗಳೊಳಗೆ ಕೆಸರು ತುಂಬಿತು. ಅದಕ್ಕೂ ಐದು ವಾರಗಳ ಹಿಂದೆ, ಜೂನ್ 28ರಂದು, ಗಡಿಯಾಚೆಯ ಕೊಡಗಿನ ಚೆಂಬು ಗ್ರಾಮದಲ್ಲಿ ಕೇಂದ್ರವಿದ್ದ 3.0 ತೀವ್ರತೆಯ ಕಂಪನಕ್ಕೆ ಸುಳ್ಯದ ಜನರು ಮನೆಯಿಂದ ಹೊರಗೋಡಿದ್ದರು. ಮನೆ ಬಿಟ್ಟು ಓಡುವುದು ಹೇಗೆಂಬ ಪಾಠ ಒಂದೇ ಮಳೆಗಾಲದಲ್ಲಿ ಆ ತಾಲೂಕಿಗೆ ಹಲವು ಬಾರಿ ಆಯಿತು.

ಇಂತಹ ಸಂಜೆ ಮನೆಯವರಿಗೆ ಎಷ್ಟು ಸಮಯ ಸಿಗುತ್ತದೆ? ಒಲೆಯ ಮೇಲಿಟ್ಟ ಚಹಾ ಕುದಿಯುವಷ್ಟು. ಅಷ್ಟರೊಳಗೆ ಮಗುವನ್ನು ಎತ್ತಿಕೊಳ್ಳಬೇಕು, ಹಾಸಿಗೆ ಹಿಡಿದ ಹಿರಿಯರನ್ನು ಎಬ್ಬಿಸಬೇಕು, ದನದ ಹಗ್ಗ ಬಿಚ್ಚಬೇಕು. ಕಾಗದಪತ್ರ, ಔಷಧ, ಹಣ ಹುಡುಕಲು ಸಮಯ ಉಳಿಯುವುದಿಲ್ಲ. ಆದುದರಿಂದಲೇ ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯಲ್ಲೂ ಒಂದು ಚೀಲ ಸಿದ್ಧವಾಗಿರಬೇಕೆಂದು ನಾವು ಹೇಳುತ್ತೇವೆ.

ಪೇಟೆಯಲ್ಲಿರುವ ನಮ್ಮ ಓದುಗರು ಇದು ಗುಡ್ಡದವರ ಕಷ್ಟವೆಂದು ಪುಟ ತಿರುಗಿಸಬಾರದು. ಕೊಲ್ಲಮೊಗ್ರಿನ ಹಳ್ಳಗಳ ನೀರು ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೇತ್ರಾವತಿ ಪಾಣೆಮಂಗಳೂರು, ಬಂಟ್ವಾಳಗಳ ಹಿತ್ತಿಲಿನಲ್ಲಿ ಹರಿಯುತ್ತದೆ. 1923ರ ಮಾರಿಬೊಳ್ಳದ ಕಥೆಯನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದರು. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಪಯಸ್ವಿನಿಯಂತೂ ಸುಳ್ಯವನ್ನು ದಾಟಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನವರ ಅಂಗಳಕ್ಕೆ ಹೋಗುತ್ತದೆ. ಗುಡ್ಡಕ್ಕೆ ಬಿದ್ದ ಮಳೆ ಪೇಟೆಯ ವಿಳಾಸವನ್ನು ಬಲ್ಲದು.

ಚೀಲದ ಮಾತೆತ್ತಿದರೆ ನಗುವವರಿದ್ದಾರೆ. ಇದೇನು ಯುದ್ಧವೇ, ಇದೆಲ್ಲ ಹೊರದೇಶದವರ ಹುಚ್ಚು ಎನ್ನುತ್ತಾರೆ. ಅವರಿಗೆ ತಮ್ಮ ಅಜ್ಜಿಯ ಮನೆಯ ಅಟ್ಟ ನೆನಪಿಲ್ಲವೇ? ಆಟಿ ತಿಂಗಳಿಗೆಂದು ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ, ಒಣ ಸೌದೆ ಇವೆಲ್ಲವನ್ನೂ ಬೇಸಗೆಯಲ್ಲೇ ಕೂಡಿಡುತ್ತಿದ್ದ ಜನ ನಾವು. ಮಳೆಯಲ್ಲಿ ಮನೆಯೊಳಗೆ ಉಳಿಯುವ ಸಿದ್ಧತೆಯನ್ನು ನಮ್ಮ ಹೆಂಗಸರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಮಳೆಯಲ್ಲಿ ಮನೆಯಿಂದ ಹೊರಡುವ ಸಿದ್ಧತೆ ಮಾತ್ರ ನಮಗೆ ಬರಲಿಲ್ಲ. ಏಕೆಂದರೆ ಅಂದು ಗುಡ್ಡ ಇಷ್ಟೊಂದು ಜರಿಯುತ್ತಿರಲಿಲ್ಲ.

ಇನ್ನು ಕೆಲವರು ವಿಧಿಯ ಮಾತು ಹೇಳುತ್ತಾರೆ. ಬರಬೇಕಾದುದು ಬಂದೇ ಬರುತ್ತದೆ, ಚೀಲ ಕಟ್ಟಿದರೆ ತಪ್ಪುತ್ತದೆಯೇ ಎಂಬ ಪ್ರಶ್ನೆ. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ಭರವಸೆ ಇಡಬೇಕೆಂಬ ಬೋಧನೆಯನ್ನು ಮದ್ರಸದ ಎಳೆಯ ಮಗುವೂ ಬಲ್ಲದು. ಅಂಗಡಿಗೆ ಎರಡು ಬೀಗ ಹಾಕುವಾಗ, ವಾಹನಕ್ಕೆ ವಿಮೆ ಕಟ್ಟುವಾಗ ನೆನಪಾಗದ ವಿಧಿ, ಮನೆಯವರ ಔಷಧಿಯನ್ನು ಚೀಲದಲ್ಲಿಡುವಾಗ ಮಾತ್ರ ನೆನಪಾಗುವುದು ಸೋಮಾರಿತನದ ಇನ್ನೊಂದು ಹೆಸರು.

ವಿಪರ್ಯಾಸವೆಂದರೆ, ನಮ್ಮ ಸಮುದಾಯ ಒಮ್ಮೆ ಚೀಲ ಕಟ್ಟಿದ್ದುಂಟು. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಅಂಗೀಕಾರವಾದಾಗ, ಪೌರತ್ವ ನೋಂದಣಿಯ ಭೀತಿಯಲ್ಲಿ ಮನೆಮನೆಗಳಲ್ಲಿ ಹಳೆಯ ಪೆಟ್ಟಿಗೆಗಳು ತೆರೆದುಕೊಂಡವು. ಅಜ್ಜನ ಜಮೀನಿನ ಪತ್ರ, ತಂದೆಯ ಶಾಲಾ ದಾಖಲೆ, ಹೆಸರಿನ ಒಂದಕ್ಷರ ತಪ್ಪಿದ್ದ ಪಡಿತರ ಚೀಟಿ ಎಲ್ಲವೂ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತವು. ಮಸೀದಿಗಳಲ್ಲಿ ದಾಖಲೆ ತಿದ್ದುಪಡಿಯ ಮಾಹಿತಿ ಕೊಡಲಾಯಿತು. ಆ ಭೀತಿಗೆ ಕಾರಣವಿತ್ತು, ಅದನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಸರಕಾರದ ಭಯಕ್ಕೆ ನಾಲ್ಕು ತಲೆಮಾರಿನ ಕಾಗದವನ್ನು ಹುಡುಕಿ ತೆಗೆದ ಸಮುದಾಯಕ್ಕೆ, ಹಿತ್ತಿಲಿನ ಗುಡ್ಡದ ಭಯಕ್ಕೆ ಒಂದು ಟಾರ್ಚನ್ನು ಕೈಗೆಟಕುವಲ್ಲಿ ಇಡಲು ಆಗಲಿಲ್ಲವೇ? ಆ ಕಾಗದಗಳ ಕಟ್ಟು ಈಗ ಎಲ್ಲಿದೆ? ಕಪಾಟಿನಲ್ಲಿ. ಕಪಾಟಿನ ಕೀಲಿಕೈ?

ನಮ್ಮ ವಾದವಿರುವುದು ಇಲ್ಲಿಯೇ.

ನಮಗೆಲ್ಲ ಪರಿಚಿತವಾದ ಒಂದು ಮನೆಯನ್ನು ನೆನೆಸಿಕೊಳ್ಳೋಣ. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿಯುತ್ತಿದ್ದಾನೆ. ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು, ಸಕ್ಕರೆ ಕಾಯಿಲೆಯ ಉಮ್ಮ. ಕಪಾಟಿನ ಒಳಖಾನೆಯ ಕೀಲಿಕೈಯನ್ನು ಗಂಡ ಊರಲ್ಲೇ ಇರುವ ತನ್ನ ತಮ್ಮನ ಕೈಯಲ್ಲಿ ಕೊಟ್ಟು ಹೋಗಿದ್ದಾನೆ. ಜಾಗದ ಪತ್ರ ಯಾವ ಬ್ಯಾಂಕಿನಲ್ಲಿ ಅಡವಿದೆ ಎಂದು ಹೆಂಡತಿಗೆ ತಿಳಿಯದು. ಪಾಸ್‌ಪುಸ್ತಕ ಯಾರ ಹೆಸರಿನಲ್ಲಿದೆ, ವಿಮೆ ಉಂಟೋ ಇಲ್ಲವೋ, ಮನೆಯ ತೆರಿಗೆ ಕಟ್ಟಿದ ರಸೀದಿ ಎಲ್ಲಿದೆ, ಒಂದೂ ತಿಳಿಯದು. ಹೆಂಗಸರಿಗೆ ಅದೆಲ್ಲ ಏಕೆ ಎಂಬ ಮಾತು ಆ ಮನೆಯಲ್ಲಿ ಪ್ರೀತಿಯಿಂದಲೇ ಹೇಳಲ್ಪಟ್ಟಿದೆ. ಈಗ ಮಧ್ಯರಾತ್ರಿ ಹಿತ್ತಿಲಿನಲ್ಲಿ ಮಣ್ಣು ಜಾರುವ ಸದ್ದಾಯಿತೆನ್ನಿ. ವಿದ್ಯುತ್ ಹೋಗಿದೆ, ಅದರ ಹಿಂದೆಯೇ ಮೊಬೈಲ್ ಟವರೂ ಸತ್ತಿದೆ. ಗಂಡನಿಗೆ ಫೋನು ಹೋಗುವುದಿಲ್ಲ. ಮೈದುನನ ಮನೆ ಹಳ್ಳದ ಆಚೆಗಿದೆ. ಆ ಹೆಣ್ಣುಮಗಳು ಯಾರ ಅಪ್ಪಣೆಗಾಗಿ ಕಾಯಬೇಕು? ಗಂಡ ಊರಿನಲ್ಲೇ ಇದ್ದರೂ ಪೇಟೆಯ ಅಂಗಡಿಯಿಂದ ಆ ರಾತ್ರಿ ಮನೆ ತಲುಪುತ್ತಾನೆಂಬ ಭರವಸೆಯೇನು?

ಮನೆ ತೊರೆಯುವ ನಿರ್ಧಾರವನ್ನು ಮನೆಯಲ್ಲಿರುವವರು ಕೈಗೊಳ್ಳಬೇಕಾಗುತ್ತದೆ, ಮತ್ತು ನಮ್ಮ ಮನೆಗಳಲ್ಲಿ ಹಗಲಿರುಳು ಇರುವವರು ಹೆಂಗಸರು. ಹಾಗಿದ್ದೂ ನಿರ್ಧಾರದ ಅಧಿಕಾರವನ್ನಾಗಲಿ, ಅದಕ್ಕೆ ಬೇಕಾದ ತಿಳಿವಳಿಕೆಯನ್ನಾಗಲಿ ನಾವು ಅವರಿಗೆ ಕೊಟ್ಟಿಲ್ಲ. ಗಂಡಸು ಬಂದು ಕಟ್ಟಿಕೊಡುವವರೆಗೆ ಕಾಯುವ ಚೀಲ ಚೀಲವೇ ಅಲ್ಲ. ಇದನ್ನು ಓದುವ ಯಜಮಾನರಿಗೆ ಬೇಸರವಾಗಬಹುದು, ಆಗಲಿ.

ಹಾಗಾದರೆ ಚೀಲದಲ್ಲಿ ಏನಿರಬೇಕು? ಮೊದಲ ನಿಯಮ ತೂಕದ್ದು. ಒಂದು ಕಂಕುಳಲ್ಲಿ ಮಗುವಿರುವಾಗ ಇನ್ನೊಂದು ಹೆಗಲಿಗೆ ಏರಿಸಬಹುದಾದಷ್ಟೇ ತೂಕ. ಗಂಡಸು ಎತ್ತಿ ತೋರಿಸಿದ ಚೀಲವನ್ನು ಒಪ್ಪಬೇಡಿ. ಹೊರಬೇಕಾದವಳು ಹೊತ್ತು ಅಂಗಳಕ್ಕೆ ಎರಡು ಸುತ್ತು ಬರಲಿ. ಆಧಾರ್, ಪಡಿತರ ಚೀಟಿ, ಪಾಸ್‌ಪುಸ್ತಕ, ಜಾಗದ ಪಹಣಿ ಅಥವಾ 94ಸಿ ಹಕ್ಕುಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಅಂಕಪಟ್ಟಿ, ವಿವಾಹ ದಾಖಲೆ ಇವುಗಳ ನಕಲುಗಳನ್ನು ನೀರು ತಾಗದ ಪ್ಲಾಸ್ಟಿಕ್ ಕವರಿನಲ್ಲಿಡಬೇಕು. ಮೂಲಪ್ರತಿಗಳು ಮನೆಯಲ್ಲಿದ್ದರೆ ಅವೂ ಒಂದೇ ಕವರಿನಲ್ಲಿ, ಕೈ ಹಾಕಿದರೆ ಸಿಗುವಂತಿರಲಿ. ಡಿಜಿಲಾಕರಿನಲ್ಲಿದೆ ಎನ್ನುವ ಯುವಕರಿದ್ದಾರೆ. ಒಳ್ಳೆಯದೇ, ಅದೂ ಇರಲಿ, ಕಾಗದ ಹೋದ ಮೇಲೆ ಅದು ನೆರವಿಗೆ ಬರುತ್ತದೆ. ಆದರೆ ನೆನೆದು ಸತ್ತ ಫೋನನ್ನು ಹಿಡಿದು ಶಿಬಿರದ ಸಾಲಿನಲ್ಲಿ ನಿಂತರೆ ಅದು ತೆರೆಯುವುದಿಲ್ಲ. ಉಮ್ಮನ ಮಾತ್ರೆಗಳು ಕನಿಷ್ಠ ಒಂದು ವಾರಕ್ಕಾಗುವಷ್ಟು, ಜೊತೆಗೆ ವೈದ್ಯರ ಚೀಟಿ. ಇನ್ಸುಲಿನ್ ಇದ್ದರೆ ಅದನ್ನು ಫ್ರಿಜ್‌ನಿಂದ ಕೊನೆಯ ಗಳಿಗೆಯಲ್ಲಿ ತೆಗೆಯಬೇಕೆಂದು ಚೀಲದ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ. ಓಆರ್‌ಎಸ್ ಪೊಟ್ಟಣ, ಮಗುವಿನ ಬಟ್ಟೆ, ಹೆಂಗಸರ ಪ್ಯಾಡ್, ಪ್ರತಿಯೊಬ್ಬರಿಗೂ ಒಂದು ಜೊತೆ ಒಣ ಉಡುಪು, ತಲೆವಸ್ತ್ರ. ಶಿಬಿರಕ್ಕೆ ಹೊದಿಕೆ ದಾನ ಕೊಡುವವರು ಧಾರಾಳವಾಗಿದ್ದರೂ ಪ್ಯಾಡ್ ಕೊಡಲು ಯಾರಿಗೂ ನೆನಪಾಗುವುದಿಲ್ಲ. ಕೇಳಲು ನಮ್ಮ ಹೆಣ್ಣುಮಕ್ಕಳಿಗೆ ನಾಲಗೆ ಏಳುವುದಿಲ್ಲ. ಅವಲಕ್ಕಿ, ಬೆಲ್ಲ, ಖರ್ಜೂರ, ಬಿಸ್ಕತ್ತು, ಎರಡು ಬಾಟಲಿ ಕುಡಿಯುವ ನೀರು. ಸೆಲ್ ಹಾಕಿದ ಟಾರ್ಚ್, ಒಂದು ಸೀಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ಪೂರ್ಣ ಚಾರ್ಜ್ ಮಾಡಿದ ಹಳೆಯ ಬಟನ್ ಫೋನು. ಫೋನಿನೊಳಗಿರುವ ಸಂಖ್ಯೆಗಳು ಕಾಗದದ ಮೇಲೂ ಇರಲಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಕರೆಯ 112 ಆ ಕಾಗದದ ಮೊದಲ ಸಾಲಿನಲ್ಲಿರಲಿ. ಹಣ ಸಣ್ಣ ನೋಟುಗಳಲ್ಲಿರಲಿ. ಗುಡ್ಡದ ದಾರಿ ಹಿಡಿಯಬೇಕಾದವರಿಗೆ ಜಿಗಣೆಗೆಂದು ಒಂದು ಹಿಡಿ ಉಪ್ಪು. ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಎಲ್ಲವನ್ನೂ ಹೊರತೆಗೆದು, ಅವಧಿ ಮೀರಿದ ಮಾತ್ರೆ, ಸೋರಿದ ಸೆಲ್‌ಗಳನ್ನು ಬದಲಿಸಬೇಕು. ಮಕ್ಕಳ ಬಟ್ಟೆ ಒಂದು ವರ್ಷದಲ್ಲಿ ಗಿಡ್ಡವಾಗುತ್ತದೆಂಬುದನ್ನೂ ಮರೆಯಬಾರದು.

ಚಿನ್ನದ ವಿಚಾರವನ್ನು ಹೇಳದೆ ವಿಧಿಯಿಲ್ಲ. ಒಡವೆಗಾಗಿ ಮರಳಿ ಮನೆಯೊಳಗೆ ಹೋಗುವ ಆಸೆ ಎಂಥವರನ್ನೂ ಕಾಡುತ್ತದೆ. ಮಳೆಗಾಲಕ್ಕೆ ಮುಂಚೆಯೇ ಅದನ್ನು ಬ್ಯಾಂಕಿನ ಲಾಕರಿನಲ್ಲೋ ನಂಬಿಗಸ್ತರ ಮನೆಯಲ್ಲೋ ಇಟ್ಟವರಿಗೆ ಹಿಂದಿರುಗಿ ನೋಡುವ ಪ್ರಮೇಯ ಬರುವುದಿಲ್ಲ.

ಕಾಗದಕ್ಕೆ ಇಷ್ಟು ಮಹತ್ವವೇಕೆಂದು ಕೇಳುವವರು 2018 ಮತ್ತು 2024ನ್ನು ನೆನೆಯಲಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡಗಳು ಜರಿದು ಮಡಿಕೇರಿ ರಸ್ತೆ ಕಡಿದುಹೋದಾಗ ಜನರು ಉಟ್ಟ ಬಟ್ಟೆಯಲ್ಲಿ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳ ಶಿಬಿರಗಳಿಗೆ ಬಂದಿಳಿದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಾದಾಗ ಬದುಕುಳಿದವರಲ್ಲಿ ಎಷ್ಟೋ ಮಂದಿಗೆ ತಾವು ಯಾರೆಂದು ತೋರಿಸುವ ಒಂದು ಚೂರು ಕಾಗದವೂ ಉಳಿಯಲಿಲ್ಲ. ಕೇರಳ ಸರಕಾರ ಮೇಪ್ಪಾಡಿಯಲ್ಲಿ ಶಿಬಿರ ನಡೆಸಿ ದಾಖಲೆಗಳನ್ನು ಮರಳಿ ಮಾಡಿಕೊಟ್ಟಿತು. ನಮ್ಮಲ್ಲಿ 2019ರ ನೆರೆಯ ಬಳಿಕ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಆದರೆ ಹಕ್ಕುಪತ್ರವಿಲ್ಲದ ಜಾಗದಲ್ಲಿ ಮನೆ ಕಟ್ಟಿದವರು ಘೋಷಣೆಯಿಂದ ಹಣದವರೆಗಿನ ದಾರಿಯಲ್ಲಿ ಎಷ್ಟು ಮೆಟ್ಟಲು ಹತ್ತಬೇಕಾಗುತ್ತದೆಂದು ಕಂದಾಯ ಕಚೇರಿಯ ಮುಂದೆ ನಿಂತವರಿಗೆಲ್ಲ ತಿಳಿದಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಆಡಳಿತದ ಹೊಣೆಯನ್ನು ಬಡವರ ಹೆಗಲಿನ ಚೀಲಕ್ಕೆ ತುಂಬಿಸಿದೆವೆಂದು ಯಾರೂ ಭಾವಿಸಬಾರದು. ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಜಿಲ್ಲೆಗೊಂದು ಪ್ರಾಧಿಕಾರ, ಯೋಜನೆ ಎಲ್ಲವೂ ಕಾಗದದ ಮೇಲಿವೆ. ಆದರೆ ವಿದ್ಯುತ್ ಹೋದ ಕೂಡಲೇ ಟವರು ಸಾಯುವ ಊರಿಗೆ ಮೊಬೈಲಿನಲ್ಲಿ ಎಚ್ಚರಿಕೆ ಕಳುಹಿಸಿ ಪ್ರಯೋಜನವೇನು? ಚೀಲ ಹೊತ್ತು ಹೊರಟವರಿಗೆ ಕಾಲುಸಂಕವೇ ಇಲ್ಲದಿದ್ದರೆ ಅವರು ಹೋಗಬೇಕಾದುದು ಎಲ್ಲಿಗೆ? ಗುಡ್ಡವನ್ನು ನೆಟ್ಟಗೆ ಕಡಿದು ಮನೆ ನಿವೇಶನ ಮಾಡಲು, ರಸ್ತೆ ಅಗಲಿಸಲು ಬಿಟ್ಟವರು ಯಾರು? ಪ್ರತಿ ಜೂನ್‌ನಲ್ಲಿ ಅಪಾಯದ ಮನೆಗಳಿಗೆ ನೋಟೀಸು ಹಚ್ಚಿ, ಹೋಗಲು ಬದಲಿ ಜಾಗ ತೋರಿಸದೆ ಮರಳುವುದು ಹೊಣೆ ನಿರ್ವಹಣೆಯಲ್ಲ, ಹೊಣೆಯಿಂದ ಜಾರಿಕೊಳ್ಳುವ ಉಪಾಯ. ಚೀಲದ ಅಗತ್ಯ ಬಿದ್ದಷ್ಟೂ ಆಡಳಿತದ ಲೋಪ ಹೆಚ್ಚೆಂದೇ ಅರ್ಥ.

ಆಡಳಿತವನ್ನು ಪ್ರಶ್ನಿಸುವ ನಾಲಗೆ ನಮ್ಮ ಜಮಾಅತ್‌ಗಳನ್ನೂ ಪ್ರಶ್ನಿಸಬೇಕು. ಮಸೀದಿಯ ಧ್ವನಿವರ್ಧಕಕ್ಕೆ ವಿದ್ಯುತ್ ಹೋದಾಗ ನಡೆಯುವ ಬ್ಯಾಟರಿ ಉಂಟೇ? ಹಳ್ಳದ ನೀರು ಏರಿದಾಗ, ಅದು ಯಾವ ಹೊತ್ತೇ ಇರಲಿ, ಯಾವ ಜಾತಿಧರ್ಮದ ಮನೆಯೇ ಇರಲಿ, ಎಲ್ಲರನ್ನೂ ಎಬ್ಬಿಸಲು ಅದನ್ನು ಬಳಸುವುದೆಂದು ಯಾವ ಸಮಿತಿ ನಿರ್ಣಯ ಕೈಗೊಂಡಿದೆ? ಮದ್ರಸದ ಮಹಡಿಯ ಸಭಾಂಗಣ ರಾತ್ರಿ ತೆರೆಯಬೇಕಾದರೆ ಕೀಲಿಕೈ ಯಾರ ಮನೆಯಲ್ಲಿದೆ, ಅಲ್ಲಿ ಹೆಂಗಸರಿಗೆ ಶೌಚಾಲಯ ಉಂಟೇ? ವಾರ್ಷಿಕ ಕಾರ್ಯಕ್ರಮದ ಸ್ವಾಗತ ಕಮಾನಿಗೆ ಸಿಗುವ ದೇಣಿಗೆಯ ಒಂದು ಪಾಲು ಈ ಶೌಚಾಲಯಕ್ಕೆ ಏಕೆ ಸಿಗುವುದಿಲ್ಲ? ಒಂಟಿ ವಿಧವೆಯರು, ಹಾಸಿಗೆ ಹಿಡಿದವರು, ಗರ್ಭಿಣಿಯರು ಯಾವ ಯಾವ ಮನೆಗಳಲ್ಲಿದ್ದಾರೆಂಬ ಪಟ್ಟಿ ಚಂದಾ ಪುಸ್ತಕದಲ್ಲಿಲ್ಲ. ಆ ಪಟ್ಟಿ ಮಾಡಲು ಊರಿನ ಹೆಂಗಸರನ್ನು ಕರೆದು ಕೇಳಬೇಕಾಗುತ್ತದೆ. ಸಮಿತಿಯ ಸಭೆಗೆ ಅವರನ್ನು ಕರೆಯುವುದು ಹೇಗೆಂಬ ಚರ್ಚೆಯನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡುವ ಸಮಿತಿಗಳೂ ಇದ್ದಾವು.

ಗಲ್ಫಿನಲ್ಲಿರುವ ನಮ್ಮ ಓದುಗರಲ್ಲಿ ಒಂದು ವಿನಂತಿ. ಮುಂದಿನ ಕರೆಯಲ್ಲಿ ಊರಿನ ಮಳೆಯ ಬಗ್ಗೆ ವಿಚಾರಿಸಿದ ಬಳಿಕ, ಕಾಗದಪತ್ರಗಳು ಎಲ್ಲೆಲ್ಲಿವೆ, ಸಾಲ ಎಷ್ಟಿದೆ, ಯಾವ ಖಾತೆಯಲ್ಲಿ ಏನಿದೆ ಎಂಬುದನ್ನು ಮನೆಯಾಕೆಗೆ ಬರೆಸಿಕೊಡಿ. ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸುವುದಕ್ಕೆ ಮುಂದಿನ ರಜೆಯವರೆಗೆ ಕಾಯಬೇಕಾಗಬಹುದು. ಒಳಖಾನೆಯ ಕೀಲಿಕೈಯನ್ನು ತಮ್ಮನಿಂದ ತರಿಸಿ ಆಕೆಯ ಕೈಗೆ ಕೊಡಿಸಲು ಇಂದಿನ ಒಂದು ಫೋನು ಸಾಕು.