ಫೀಸ್ ಕಟ್ಟಿದರೆ ಹೆತ್ತವರ ಕೆಲಸ ಮುಗಿಯಿತೇ?

ಮದ್ರಸದ ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬರುವ ದಿನ ಉಸ್ತಾದರ ಮೊಬೈಲ್‌ಗೆ ಬಿಡುವಿಲ್ಲ. ಊರಿನಿಂದ ಉಮ್ಮಂದಿರ ಫೋನ್, ಗಲ್ಫ್‌ನಿಂದ ಉಪ್ಪಂದಿರ ವಾಯ್ಸ್ ಮೆಸೇಜ್. ನಾಲ್ಕು ಅಂಕ ಕಡಿಮೆಯಾದರೂ ಕಾರಣ ಕೇಳುವವರಿದ್ದಾರೆ. ಕೇಳಲಿ, ಅದು ಒಳ್ಳೆಯದೇ. ಆದರೆ ಅದೇ ಮಗು ಕಾಲೇಜಿಗೆ ಸೇರಿ ಮೂರನೇ ಸೆಮಿಸ್ಟರ್‌ಗೆ ಬಂದಾಗ ಅದೇ ಹೆತ್ತವರಲ್ಲಿ ವಿಚಾರಿಸಿ ನೋಡಿ. "ಮಂಗಳೂರಲ್ಲಿ ಡಿಗ್ರಿ ಮಾಡ್ತಾ ಇದ್ದಾನೆ ಉಸ್ತಾದ್" ಎನ್ನುತ್ತಾರೆ. ಯಾವ ಡಿಗ್ರಿ, ಕಳೆದ ಸೆಮಿಸ್ಟರ್‌ನಲ್ಲಿ ಏನಾಯ್ತು ಎಂದರೆ ಉತ್ತರ ಇಲ್ಲ. "ಅದೆಲ್ಲ ಅವನಿಗೆ ಗೊತ್ತುಂಟು, ಫೀಸ್ ಮಾತ್ರ ನಾವು ಸರಿಯಾಗಿ ಕಟ್ಟಿದ್ದೇವೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ವಿಚಿತ್ರ ಏನೆಂದರೆ, ಕಾಲೇಜು ಸೇರಿಸುವ ದಿನ ಇದೇ ಹೆತ್ತವರು ಮಕ್ಕಳಿಗೆ ಬಾಯಿ ತೆರೆಯಲಿಕ್ಕೂ ಬಿಟ್ಟಿರುವುದಿಲ್ಲ. ಪಿಯುಸಿಗೆ ಸಯನ್ಸೋ ಕಾಮರ್ಸೋ ಎಂದು ತೀರ್ಮಾನಿಸುವುದು ಮಾವ, ಎಳೆಯಪ್ಪ, ಪಕ್ಕದ ಮನೆಯ ಇಂಜಿನಿಯರ್. ಸಿಇಟಿ ಆದ ಮೇಲೆ ಆಪ್ಷನ್ ಎಂಟ್ರಿ ಮಾಡುವುದು ಸೈಬರ್ ಸೆಂಟರ್‌ನ ಹುಡುಗ. ಸೌದಿಯಿಂದ ಫೋನಿನಲ್ಲಿ "ಕಂಪ್ಯೂಟರ್ ಸಯನ್ಸ್ ಹಾಕು" ಎಂದು ಉಪ್ಪ ಹೇಳುತ್ತಾರೆ. ನಾಲ್ಕು ವರ್ಷ ಆ ಪಾಠ ಓದಬೇಕಾದವನು ಹಿಂದೆ ನಿಂತು ನೋಡುತ್ತಿರುತ್ತಾನೆ. ಸೀಟು ಸಿಕ್ಕಿದ ಮೇಲೆ ಅವನನ್ನು ಅಲ್ಲಿ ಬಿಟ್ಟು ಎಲ್ಲರೂ ಮನೆಗೆ ಬರುತ್ತಾರೆ.

ಮಾತಾಡಬಾರದಲ್ಲಿ ಪೂರ್ತಿ ಮಾತು, ಮಾತಾಡಬೇಕಾದಲ್ಲಿ ಪೂರ್ತಿ ಮೌನ. ನಮ್ಮ ಸಮಸ್ಯೆ ಇದು.

ಈ ಮೌನದ ಬೆಲೆ ದೊಡ್ಡದು. ಶಾಲೆಯಲ್ಲಿ, ಪಿಯುಸಿಯಲ್ಲಿ ಮಗು ಫೇಲಾದರೆ ಅದೇ ವರ್ಷ ಮನೆಗೆ ಗೊತ್ತಾಗುತ್ತದೆ. ಡಿಗ್ರಿಯಲ್ಲಿ ಹಾಗಲ್ಲ. ಒಂದು ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಉಳಿದರೂ ಸಾಮಾನ್ಯವಾಗಿ ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು. ಉಳಿದದ್ದನ್ನು ಆಮೇಲೆ ಬರೆದು ಪಾಸಾಗಬೇಕು. ಮಗ "ಸೆಕೆಂಡ್ ಇಯರ್‌ಗೆ ಬಂದೆ", "ಫೈನಲ್ ಇಯರ್‌ಗೆ ಬಂದೆ" ಎನ್ನುತ್ತಾನೆ. ಮನೆಯವರು ಪಾಸಾಗಿದ್ದಾನೆ ಎಂದುಕೊಳ್ಳುತ್ತಾರೆ. ಅವನು ಹೇಳಿದ್ದು ಸುಳ್ಳೂ ಅಲ್ಲ! ಆರು ಸೆಮಿಸ್ಟರ್ ಮುಗಿದ ಮೇಲೆ ಎಂಟೋ ಹತ್ತೋ ಪೇಪರ್ ಬಾಕಿ ಉಂಟು ಎಂದು ಹೊರಗೆ ಬರುತ್ತದೆ. ಹಾಜರಾತಿಯೂ ಹಾಗೆಯೇ. ಡಿಗ್ರಿಗೆ ಶೇ. 75 ಹಾಜರಾತಿ ಬೇಕೆಂಬ ನಿಯಮ ಎಷ್ಟು ಉಮ್ಮಂದಿರಿಗೆ ಗೊತ್ತು? ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಬಸ್ ಹತ್ತಿದ ಹುಡುಗ ಕ್ಲಾಸಿಗೆ ಹೋಗಿದ್ದಾನೆ ಎಂದೇ ನಂಬಿಕೆ.

ಆಗ ಕೇಳಿಬರುವ ಮಾತು, "ಹೋಗಲಿ, ಒಂದು ವಿಸಾ ಮಾಡಿಸುವ." ಆದರೆ ಇವತ್ತು ಗಲ್ಫ್‌ನಲ್ಲೂ ಒಳ್ಳೆಯ ಹುದ್ದೆಗೆ ಅಟೆಸ್ಟ್ ಆದ ಸರ್ಟಿಫಿಕೇಟ್ ಕೇಳುತ್ತಾರೆ. ಅರ್ಧ ಡಿಗ್ರಿಗೆ ಅಟೆಸ್ಟೇಶನ್ ಇಲ್ಲ.

ಹಾಗಾದರೆ ಮಗ ಮೊದಲೇ ಯಾಕೆ ಹೇಳಲಿಲ್ಲ? ಹೇಳಲಿಕ್ಕೆ ಧೈರ್ಯ ಇರಲಿಲ್ಲ. "ನಾನು ಇಲ್ಲಿ ಬಿಸಿಲಲ್ಲಿ ಸಾಯ್ತಾ ಇದ್ದೇನೆ, ನೀನು ಅಲ್ಲಿ ಮಜಾ ಮಾಡ್ತೀಯಾ" ಎಂಬ ಮಾತು ಬರುತ್ತದೆಂದು ಅವನಿಗೆ ಗೊತ್ತು. ಉಪ್ಪನ ಕಷ್ಟ ಸುಳ್ಳಲ್ಲ. ಆದರೆ ಪ್ರತಿ ಸಲ ಅದನ್ನೇ ಹೇಳಿದರೆ ಕೆಟ್ಟ ಸುದ್ದಿ ಮನೆಯ ಒಳಗೆ ಬರುವುದಿಲ್ಲ, ಗೇಟಿನ ಹೊರಗೇ ನಿಲ್ಲುತ್ತದೆ. ಹೆತ್ತವರು ಕಾಲೇಜು ಶಿಕ್ಷಣದಲ್ಲಿ ಎಷ್ಟು ತೊಡಗಬೇಕು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಮಗು ತನ್ನ ಸೋಲನ್ನು ಮನೆಯಲ್ಲಿ ಹೇಳುವಷ್ಟು ಹತ್ತಿರ ಇರಬೇಕು. ಅದಕ್ಕಿಂತ ದೂರ ಬೇಡ. ಮಗುವಿನ ಬದಲಿಗೆ ನಾವೇ ತೀರ್ಮಾನ ಮಾಡುವಷ್ಟು ಹತ್ತಿರವೂ ಬೇಡ.

"ನಮಗೆ ಇಂಗ್ಲಿಷ್ ಬರುದಿಲ್ಲ, ನಾವೇನು ಕೇಳುದು?" ಎಂದು ಅನೇಕರು ಹೇಳುತ್ತಾರೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸಾವಿರ ಬೀಡಿಯಲ್ಲಿ ಹತ್ತು ಕಡಿಮೆಯಾದರೆ ಅವರಿಗೆ ಗೊತ್ತಾಗುತ್ತದೆ. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ಯಾರು ಹೇಳಿದ್ದು? ಕೇಳಬೇಕಾದದ್ದು ಮೂರೇ ವಿಷಯ. ಹಾಜರಾತಿ ಎಷ್ಟಾಯ್ತು? ಯಾವುದಾದರೂ ಪೇಪರ್ ಬಾಕಿ ಉಂಟಾ? ಯಾವ ವಿಷಯ ಕಷ್ಟ ಆಗ್ತದೆ? ಇದಕ್ಕೆ ಇಂಗ್ಲಿಷ್ ಬೇಡ. ಸೆಮಿಸ್ಟರ್‌ಗೊಮ್ಮೆ ಮಾರ್ಕ್ಸ್ ಕಾರ್ಡನ್ನು ಮಗುವಿನ ಜೊತೆ ಕೂತು ನೋಡಿ. ಕಾಲೇಜಿನ ಪೋಷಕರ ಸಭೆಗೆ ಹೋಗಿ. ಹಾಗೆಂದು ದಿನಾ ಲೆಕ್ಚರರ್‌ಗೆ ಫೋನ್ ಮಾಡುವುದು, ಕದ್ದು ಮೊಬೈಲ್ ನೋಡುವುದು ಬೇಡ. ಹದಿನೆಂಟು ದಾಟಿದವರಿಗೆ ಅದು ಅವಮಾನ. ಒಮ್ಮೆ ನಂಬಿಕೆ ಹೋದರೆ ಮತ್ತೆ ನಿಜ ಸಿಗುವುದಿಲ್ಲ.

ಕಾಗದಪತ್ರದಲ್ಲಿ ಮಾತ್ರ ಹೆತ್ತವರು ಪೂರ್ತಿ ಕೈ ಹಾಕಬೇಕು. 2ಬಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇವಕ್ಕೆಲ್ಲ ಕೊನೆಯ ದಿನ ಅಂತ ಒಂದುಂಟು. ಆ ದಿನ ನಾಡಕಚೇರಿಗೆ ಓಡಿದರೆ ಆಗುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬಿಡುವ ಹಾಗಿಲ್ಲ. ಹುಡುಗರಿಗಿಂತ ಚೆನ್ನಾಗಿ ಓದುತ್ತಿರುವ ಹುಡುಗಿಗೆ ಐದನೇ ಸೆಮಿಸ್ಟರ್‌ನಲ್ಲಿ ಒಳ್ಳೆಯ ಸಂಬಂಧ ಬಂತು ಎಂದು ನಿಕಾಹ್ ನಿಶ್ಚಯ ಮಾಡುತ್ತಾರೆ. "ಮದುವೆ ಆದ ಮೇಲೆ ಓದಲಿ" ಎಂದು ಗಂಡಿನ ಮನೆಯವರೂ ಹೇಳುತ್ತಾರೆ. ಒಂದು ಮಗು ಆದ ಮೇಲೆ ಆ ಉಳಿದ ಸೆಮಿಸ್ಟರ್ ಯಾರಿಗೂ ನೆನಪಿರುವುದಿಲ್ಲ. ಎರಡೂವರೆ ವರ್ಷ ಫೀಸ್ ಕಟ್ಟಿದವರು ಆರು ತಿಂಗಳು ಕಾಯಲಾರರೇ? ದಿನ ನಿಶ್ಚಯಿಸುವ ಮೊದಲು ಅವಳಲ್ಲೂ ಒಂದು ಮಾತು ಕೇಳಿ. ಜಮಾಅತಿನ ಸಣ್ಣ ವಿಷಯಕ್ಕೂ ಮುಶಾವರ ಮಾಡುವ ನಾವು ಮಗಳ ಬದುಕಿನ ವಿಷಯಕ್ಕೆ ಮನೆಯಲ್ಲಿ ಒಂದು ಮುಶಾವರ ಮಾಡುವುದು ಬೇಡವೇ?

ಜಮಾಅತ್ ಕಮಿಟಿಗಳೂ ಸ್ವಲ್ಪ ಯೋಚಿಸಲಿ. ರ‍್ಯಾಂಕ್ ಬಂದವರಿಗೆ ಶಾಲು ಹೊದೆಸಿ ಸನ್ಮಾನ ಮಾಡುತ್ತೇವೆ, ಮಾಡಲಿ. ವರ್ಷಕ್ಕೊಮ್ಮೆ ಕಾಲೇಜು ಮಕ್ಕಳ ಹೆತ್ತವರನ್ನು ಮದ್ರಸ ಹಾಲ್‌ನಲ್ಲಿ ಕೂರಿಸಿ, ಊರಿನ ಒಬ್ಬ ಲೆಕ್ಚರರನ್ನು ಕರೆದು ಸೆಮಿಸ್ಟರ್ ಅಂದರೇನು, ಹಾಜರಾತಿ ಅಂದರೇನು ಎಂದು ಹೇಳಿಸಲಿ. ದೊಡ್ಡ ಖರ್ಚೇನೂ ಇಲ್ಲ, ಒಂದು ಚಾ ಸಾಕು. ಪೇಪರ್ ಬಾಕಿ ಇರುವ ಹುಡುಗರನ್ನು ಪಾಸಾದ ಹುಡುಗರ ಜೊತೆ ಕೂರಿಸಿ ಓದಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬಹುದು.

ಗಲ್ಫ್‌ನಲ್ಲಿರುವ ಉಪ್ಪಂದಿರೇ, ಈ ಶುಕ್ರವಾರ ಮನೆಗೆ ಫೋನ್ ಮಾಡುವಾಗ "ಫೀಸ್ ಕಟ್ಟಿದ್ಯಾ" ಎಂದು ಕೇಳಿ ಇಡಬೇಡಿ. "ಓದು ಹೇಗೆ ನಡೀತಾ ಉಂಟು, ಕಷ್ಟ ಏನಾದರೂ ಉಂಟಾ" ಎಂದೂ ಕೇಳಿ. ಆಮೇಲೆ ಎರಡು ನಿಮಿಷ ಸುಮ್ಮನಿರಿ. ಬೈಯಬೇಡಿ. ಅವನೇ ಹೇಳುತ್ತಾನೆ.