ಐವಿಎಫ್ ಗರ್ಭಿಣಿಯರ ಚಿಕಿತ್ಸಾ ವಿವರ ಮತ್ತು ಮಾಸಿನ ತಪಾಸಣೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ರಾಜ್ಯ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಮತ್ತು ಬಾಡಿಗೆ ತಾಯ್ತನ ಮಂಡಳಿ, ಬೆಂಗಳೂರು

ವಿಷಯ: ಐವಿಎಫ್‌ನಿಂದ ಬಸುರಾದವರ ಚಿಕಿತ್ಸಾ ವಿವರ ಹೆರಿಗೆ ಮಾಡಿಸುವ ವೈದ್ಯರಿಗೆ ತಲುಪಿಸುವ ಬಗ್ಗೆ.

ಮಾನ್ಯರೇ,

ನಾವು ಐವಿಎಫ್‌ ಮೂಲಕ ಮಕ್ಕಳನ್ನು ಪಡೆದ ತಾಯಂದಿರು. ಆ ಚಿಕಿತ್ಸೆಗೆ ಋಣಿಗಳಾಗಿಯೇ ಇದನ್ನು ಬರೆಯುತ್ತಿದ್ದೇವೆ. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕಂಡರೆ ಐವಿಎಫ್ ಕೇಂದ್ರದವರ ಕೆಲಸ ಮುಗಿಯಿತು. ಮುಂದೆ ಊರಿನ ಆಸ್ಪತ್ರೆ, ಏಳನೇ ತಿಂಗಳಿಗೆ ತವರು. ಗರ್ಭ ಹೇಗೆ ನಿಂತಿತೆಂಬ ವಿವರ ಮಾತ್ರ ನಮ್ಮ ಜೊತೆ ಬರುವುದಿಲ್ಲ. ನಮ್ಮಲ್ಲೊಬ್ಬರಿಗೆ 31ನೇ ವಾರದಲ್ಲಿ ಬಿಪಿ ವಿಪರೀತ ಏರಿತು. "ಮೂರನೇ ತಿಂಗಳಲ್ಲೇ ಹೇಳಿದ್ದರೆ ಆಸ್ಪಿರಿನ್ ಶುರು ಮಾಡಬಹುದಿತ್ತಲ್ಲಮ್ಮ" ಎಂದರು ವೈದ್ಯರು. ಪ್ರತಿ ತಪಾಸಣೆಗೂ ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು. ಅವರ ಮುಂದೆ ಐವಿಎಫ್ ಎಂದು ಆಕೆ ಬಾಯಿ ಬಿಡುವುದಾದರೂ ಹೇಗೆ?

ಐವಿಎಫ್ ಗರ್ಭಗಳಲ್ಲಿ ಮಾಸು ಗರ್ಭದ್ವಾರದ ಬಳಿ ಕೆಳಗೆ ಕೂರುವುದು, ಹೆರಿಗೆಗೆ ಮೊದಲೇ ಬಿಟ್ಟುಕೊಳ್ಳುವುದು, ಹೊಕ್ಕುಳಬಳ್ಳಿ ಮಾಸಿನ ಅಂಚಿಗೋ ಪೊರೆಗೋ ಅಂಟುವುದು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಲ್ಲಕ್ಕೂ ಚಿಕಿತ್ಸೆಯೇ ಕಾರಣವಲ್ಲ. ವಯಸ್ಸೂ ಬಂಜೆತನದ ಮೂಲ ಕಾರಣವೂ ಸೇರಿರುತ್ತವೆ. ಆದರೆ ನಮ್ಮ ಕೈಯಲ್ಲಿರುವ ಅಂಶವೂ ಒಂದಿದೆ. ತಾನಾಗಿ ಅಂಡ ಬಿಡುಗಡೆಯಾದ ತಿಂಗಳಲ್ಲಿ ಅಂಡಾಶಯದಲ್ಲಿ ಹಳದಿ ಕಾಯವೊಂದು ಉಳಿಯುತ್ತದೆ. ಅದು ಪ್ರೊಜೆಸ್ಟರಾನ್ ಜೊತೆಗೆ, ರಕ್ತನಾಳಗಳು ಬಸುರಿಗೆ ಒಗ್ಗಲು ನೆರವಾಗುವ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳನ್ನೂ ಸುರಿಸುತ್ತದೆ. ಫ್ರೀಜ್ ಮಾಡಿದ ಭ್ರೂಣವನ್ನು ಪೂರ್ತಿ ಹಾರ್ಮೋನ್ ಮಾತ್ರೆಗಳ ಮೇಲೆ ಸಿದ್ಧಪಡಿಸಿದ ಗರ್ಭಕೋಶಕ್ಕೆ ಹಾಕಿದಾಗ ಆ ಹಳದಿ ಕಾಯವೇ ಇರುವುದಿಲ್ಲ. ಪ್ರೊಜೆಸ್ಟರಾನ್ ಹೊರಗಿನಿಂದ ಕೊಡುತ್ತಾರೆ, ಉಳಿದವನ್ನು ಕೊಡುವುದಿಲ್ಲ. ಇಂಥ ಗರ್ಭಗಳಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಹೆಚ್ಚು ಕಂಡುಬಂದಿದೆ. ದಾನಿಯ ಅಂಡದಿಂದ ಬಸುರಾದವರಲ್ಲೂ ಹಾಗೆಯೇ. ಫ್ರೀಜ್ ಮಾಡುವುದನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಅಂಡಾಶಯ ಅತಿಯಾಗಿ ಊದಿಕೊಂಡು ಜೀವಕ್ಕೆ ಬರುವ ಅಪಾಯದಿಂದ ಅದು ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿದೆ.

ಆದ್ದರಿಂದ, ಮುಟ್ಟು ಸರಿಯಾಗಿ ಬರುವವರಿಗೆ ಸಹಜ ಋತುಚಕ್ರದಲ್ಲೇ ಭ್ರೂಣ ಹಾಕಿಸಿಕೊಳ್ಳುವ ಆಯ್ಕೆಯಿದೆ ಎಂಬುದನ್ನು ಸಹಿ ಹಾಕಿಸುವ ಮೊದಲು ಕನ್ನಡದಲ್ಲಿ ತಿಳಿಸುವುದು ಕಡ್ಡಾಯವಾಗಬೇಕು. ನಾವು ಸಹಿ ಮಾಡಿದ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು.

ಕೇಂದ್ರದಿಂದ ಕಳುಹಿಸುವಾಗ ಪ್ರತಿ ಗರ್ಭಿಣಿಗೂ ಒಂದು ಪುಟದ ಪತ್ರ ಕೊಡಲಿ: ಭ್ರೂಣ ಹಾಕಿದ ದಿನ, ಎಷ್ಟು ಭ್ರೂಣ, ತಾಜಾ ಅಥವಾ ಫ್ರೋಜನ್, ಸಹಜ ಚಕ್ರ ಅಥವಾ ಮಾತ್ರೆಗಳ ಚಕ್ರ, ಅಂಡ ಯಾರದು. ಈ ವಿವರವನ್ನು ತಾಯಿ ಕಾರ್ಡಿನಲ್ಲಿ ಬರೆಯುವುದು ಬೇಡ. ಅದು ಮನೆಯವರೆಲ್ಲರ ಕೈಗೆ ಸಿಗುತ್ತದೆ. ಪತ್ರ ಮುಚ್ಚಿದ ಲಕೋಟೆಯಲ್ಲಿ, ಆಕೆಯ ಒಪ್ಪಿಗೆಯಿಂದ, ವೈದ್ಯರಿಗೆ ಮಾತ್ರ ತಲುಪಲಿ. ತಪಾಸಣಾ ಕೊಠಡಿಯಲ್ಲಿ ಆಕೆಯನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಮಾತನಾಡಿಸುವಂತೆಯೂ ಸೂಚನೆ ಹೋಗಲಿ. ಪತ್ರ ನೋಡಿದ ವೈದ್ಯರು 16 ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ನಿರ್ಧರಿಸಬಹುದು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸಿನ ಜಾಗವನ್ನೂ ಬಳ್ಳಿಯ ಬುಡವನ್ನೂ ಹುಡುಕಿ ನೋಡಬಹುದು. ಮಾಸು ಕೆಳಗಿದ್ದರೆ ರಕ್ತನಿಧಿಯಿರುವ ಆಸ್ಪತ್ರೆಗೆ ಮುಂಚೆಯೇ ಕಳುಹಿಸಬಹುದು.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ರಾಷ್ಟ್ರೀಯ ನೋಂದಣಿಗೆ ಚಿಕಿತ್ಸೆಯ ಫಲಿತಾಂಶವನ್ನೂ ಒದಗಿಸಬೇಕಿದೆ. ಗರ್ಭ ನಿಂತಿತು ಎಂಬಲ್ಲಿಗೆ ಆ ಲೆಕ್ಕ ನಿಲ್ಲದಿರಲಿ. ಹೆರಿಗೆಯ ವಾರ, ಮಗುವಿನ ತೂಕ, ತಾಯಿಯ ಬಿಪಿ, ರಕ್ತಸ್ರಾವ, ಮಾಸಿನ ಸ್ಥಿತಿ ಅದರಲ್ಲಿ ಸೇರಲಿ. ಹೆಸರುಗಳಿಲ್ಲದ ರಾಜ್ಯಮಟ್ಟದ ವರದಿಯನ್ನು ಮಂಡಳಿ ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಲಿ.

ಮಂಡಳಿಯ ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ಇಟ್ಟು, ನಮ್ಮಲ್ಲಿ ಇಬ್ಬರಿಗೆ ಅಹವಾಲು ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ತಾಯಂದಿರು